ಸಕಲೇಶಪುರ ಘಾಟಿಯ ರೈಲು ಸುರಂಗ: ಹಳಿಗೆ ಇಳಿಯದೆ ಒಳ್ಳೇ ಫೋಟೊ ತೆಗೆಯೋದು ಹೇಗೆ?

ಮಳೆ ಹಿಡಿದು ಘಾಟಿ ಹಸಿರಾಯಿತು ಅಂದರೆ ಸಕಲೇಶಪುರ ಪೇಟೆಯ ಹೋಟೆಲ್, ಬೇಕರಿ, ಪೆಟ್ರೋಲ್ ಬಂಕ್‌ಗಳಲ್ಲಿ ಒಂದು ಪ್ರಶ್ನೆ ಪದೇ ಪದೇ ಬರುತ್ತದೆ: ‘ಅಣ್ಣಾ, ಆ ರೈಲ್ವೆ ಟನಲ್ ಇರೋ ಜಾಗಕ್ಕೆ ಹೇಗೆ ಹೋಗೋದು?’ ಕೇಳುವವರ ಮೊಬೈಲಿನಲ್ಲಿ ಒಂದು ಫೋಟೊ ರೆಡಿ ಇರುತ್ತೆ. ಕಪ್ಪು ಸುರಂಗದ ಬಾಯಿ, ಅದರ ಮುಂದೆ ಹಳಿ, ಹಳಿಯ ಮಧ್ಯೆ ಕೈ ಚಾಚಿ ನಿಂತ ಒಬ್ಬರು, ಸುತ್ತ ಮಂಜು. ಅಂಥದ್ದೇ ಒಂದು ತಮಗೂ ಬೇಕು ಅನ್ನೋದು ಅವರ ಆಸೆ. ದಾರಿ ತೋರಿಸುವುದು ಒಂದು ನಿಮಿಷದ ಕೆಲಸ. ಆದರೆ ತೋರಿಸಬೇಕೋ ಬೇಡವೋ, ಬೇಡ ಅಂದರೆ ಬದಲಿಗೆ ಏನು ಹೇಳಬೇಕು ಅನ್ನೋದು ನಮ್ಮ ತಾಲ್ಲೂಕಿನ ವ್ಯಾಪಾರಸ್ಥರಿಗೆ ಪ್ರತಿ ಮಳೆಗಾಲ ಎದುರಾಗುವ ಪೇಚು.

ವಿಷಯ ಮೊದಲೇ ಹೇಳಿಬಿಡುವುದು ವಾಸಿ. ಹಳಿಯ ಮಧ್ಯೆ ನಿಂತು ತೆಗೆಯುವ ಆ ಫೋಟೊ ಕಾನೂನಿಗೆ ವಿರುದ್ಧ, ಜೀವಕ್ಕೂ ಅಪಾಯ. ಆದರೆ ಸುರಂಗದ ಫೋಟೊ ಅಂದರೆ ಅದೊಂದೇ ಅಲ್ಲ. ರೈಲಿನ ಕಿಟಕಿಯಿಂದಲೇ, ಟಿಕೆಟ್ ತಗೊಂಡು ಕೂತು, ಅದಕ್ಕಿಂತ ಚೆನ್ನಾಗಿ ತೆಗೆಯಬಹುದು. ಬೆಳಕು, ವೇಗ, ಗಾಜು ಈ ಮೂರರ ಲೆಕ್ಕ ಗೊತ್ತಿದ್ದರೆ ಸಾಕು.

ಈ ಹಳಿ ಬಂದಿದ್ದು ಹೀಗೆ

ಹಾಸನ ಮತ್ತು ಮಂಗಳೂರು ನಡುವೆ ರೈಲು ಮಾರ್ಗದ ಕೆಲಸ 1960ರ ದಶಕದಲ್ಲಿ ಶುರುವಾಗಿ, 1979ರಲ್ಲಿ ಮೀಟರ್ ಗೇಜ್ ಮಾರ್ಗವಾಗಿ ಪೂರ್ತಿಯಾಯಿತು. ಅಷ್ಟು ವರ್ಷ ಹಿಡಿದಿದ್ದಕ್ಕೆ ಕಾರಣ ಬೇರೇನಲ್ಲ, ನಮ್ಮ ಘಾಟಿಯೇ. ಸಕಲೇಶಪುರ ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರದಲ್ಲಿದೆ. ಅತ್ತ ನೆಟ್ಟಣದಲ್ಲಿರುವ ಸುಬ್ರಹ್ಮಣ್ಯ ರೋಡ್ ನಿಲ್ದಾಣ ನೂರು ಚಿಲ್ಲರೆ ಮೀಟರ್ ಎತ್ತರದಲ್ಲಿ. ಈ ಇಳಿಜಾರನ್ನು ರೈಲು ಸುಮಾರು 55 ಕಿಲೋಮೀಟರ್‌ನಲ್ಲಿ ಇಳಿಯಬೇಕು. ಇಳಿಜಾರಿನ ಪ್ರಮಾಣ 50ಕ್ಕೆ 1, ಅಂದರೆ ಪ್ರತಿ 50 ಮೀಟರ್ ಮುಂದೆ ಹೋದರೆ 1 ಮೀಟರ್ ಕೆಳಗೆ. ರಸ್ತೆಯಲ್ಲಿ ಇದು ಏನೂ ಅಲ್ಲ, ಸ್ಕೂಟರ್ ಕೂಡ ಗೊಣಗದೆ ಹತ್ತುತ್ತೆ. ಆದರೆ ಉಕ್ಕಿನ ಹಳಿಯ ಮೇಲೆ ಉಕ್ಕಿನ ಗಾಲಿ ಉರುಳುವಾಗ ಹಿಡಿತ ಕಡಿಮೆ. ರೈಲಿನ ಮಟ್ಟಿಗೆ ಇದು ಕಡಿದಾದ ಘಾಟಿ. ಅದಕ್ಕೇ ಮೇಲೆ ಹತ್ತುವ ರೈಲಿಗೆ ಸುಬ್ರಹ್ಮಣ್ಯ ರೋಡ್‌ನಲ್ಲಿ ಹೆಚ್ಚುವರಿ ಎಂಜಿನ್ ಜೋಡಿಸುವುದು.

ಇಳಿಜಾರು ಇಷ್ಟಕ್ಕಿಂತ ಹೆಚ್ಚಾಗಬಾರದು ಅಂದರೆ ಹಳಿ ಗುಡ್ಡವನ್ನು ಏರಿಳಿಯುವ ಹಾಗಿಲ್ಲ, ಕೊರೆದು ದಾಟಬೇಕು. ಹಾಗಾಗಿ ಈ 55 ಕಿಲೋಮೀಟರ್‌ನಲ್ಲಿ 57 ಸುರಂಗ, ನೂರಕ್ಕೂ ಹೆಚ್ಚು ಸೇತುವೆ. ಗುಡ್ಡ ಬಂದಲ್ಲಿ ಸುರಂಗ, ಕಣಿವೆ ಬಂದಲ್ಲಿ ಸೇತುವೆ. ಎಷ್ಟೋ ಕಡೆ ಸುರಂಗದಿಂದ ಹೊರಬಂದ ರೈಲು ಸೇತುವೆಗೇ ಕಾಲಿಟ್ಟು, ಅದು ಮುಗಿಯುವಷ್ಟರಲ್ಲಿ ಮುಂದಿನ ಸುರಂಗಕ್ಕೆ ಹೊಗುತ್ತದೆ. ಕತ್ತಲೆ, ಬೆಳಕು, ಕಣಿವೆ, ಮತ್ತೆ ಕತ್ತಲೆ. ಫೋಟೊ ತೆಗೆಯುವವರು ಈ ಘಾಟಿಗೆ ಮರುಳಾಗೋದು ಇದಕ್ಕೇ. ತೊಂದರೆಗೆ ಸಿಕ್ಕಿಹಾಕಿಕೊಳ್ಳೋದೂ ಇದರಿಂದಲೇ.

ನಡೆಯುವ ಅಭ್ಯಾಸ ಎಲ್ಲಿಂದ ಬಂತು

‘ಮೊದಲೆಲ್ಲಾ ಜನ ಆರಾಮಾಗಿ ನಡೀತಿದ್ರಲ್ಲ, ಈಗ ಮಾತ್ರ ಯಾಕೆ ಬೇಡ ಅಂತೀರಿ?’ ಇದು ಪ್ರವಾಸಿಗರು ಮಾತ್ರವಲ್ಲ, ಊರಿನವರೂ ಕೇಳುವ ಮಾತು. ಮಾತಿನಲ್ಲಿ ಅರ್ಧ ಸತ್ಯ ಇದೆ. ಮೀಟರ್ ಗೇಜನ್ನು ಬ್ರಾಡ್ ಗೇಜ್ ಮಾಡಲು 1996ರಲ್ಲಿ ಇಲ್ಲಿ ರೈಲು ನಿಲ್ಲಿಸಲಾಯಿತು. ಕೆಲಸ ಮುಗಿದು ಗೂಡ್ಸ್ ರೈಲು ಮತ್ತೆ ಓಡಿದ್ದು 2006ರಲ್ಲಿ, ಪ್ರಯಾಣಿಕರ ರೈಲು ಬಂದಿದ್ದು 2007ರ ಡಿಸೆಂಬರ್‌ನಲ್ಲಿ. ನಡುವೆ ಹತ್ತು ವರ್ಷ ಈ ಘಾಟಿಯಲ್ಲಿ ಮಾಮೂಲು ರೈಲು ಸಂಚಾರವೇ ಇರಲಿಲ್ಲ. ದೋಣಿಗಾಲ್‌ನಿಂದ ಎಡಕುಮೇರಿವರೆಗೆ ಹಳಿಯ ಮೇಲೆ ನಡೆಯುವ ‘ಗ್ರೀನ್ ರೂಟ್’ ಚಾರಣ ಬೆಂಗಳೂರು, ಮಂಗಳೂರಿನ ಹುಡುಗರ ಬಾಯಲ್ಲಿ ಹೆಸರಾಗಿದ್ದು ಆ ಕಾಲದಲ್ಲೇ. ಟಾರ್ಚ್ ಹಿಡಿದು ಸುರಂಗದೊಳಗೆ ಹೋಗಿ, ಸೇತುವೆ ಮೇಲೆ ಕೂತು ಬುತ್ತಿ ಬಿಚ್ಚಿದ ಫೋಟೊಗಳು ಆಗಿನವು.

ರೈಲು ವಾಪಸ್ ಬಂತು, ನಡೆಯುವ ಅಭ್ಯಾಸ ಹೋಗಲಿಲ್ಲ. ಹಳೇ ಫೋಟೊ ನೋಡಿ ಹೊಸಬರು ಬಂದರು, ಅವರ ಫೋಟೊ ನೋಡಿ ಇನ್ನಷ್ಟು ಜನ. ಫೋಟೊದಲ್ಲಿ ಜಾಗ ಕಾಣುತ್ತೆ, ಆವತ್ತು ಅಲ್ಲಿ ರೈಲು ಇತ್ತೋ ಇಲ್ಲವೋ ಅನ್ನೋದು ಕಾಣಲ್ಲ. ಈಗ ಹಗಲು ರಾತ್ರಿ ಎರಡೂ ಹೊತ್ತು ಪ್ರಯಾಣಿಕರ ರೈಲುಗಳಿವೆ. ಅದಕ್ಕೂ ಮುಖ್ಯ, ಮಂಗಳೂರು ಬಂದರಿನ ಸರಕು ಹೊತ್ತ ಗೂಡ್ಸ್ ರೈಲುಗಳಿವೆ.

ಸುರಂಗದ ಒಳಗಿನ ಲೆಕ್ಕ

‘ಆ್ಯಪ್‌ನಲ್ಲಿ ನೋಡಿದೀವಿ, ಮುಂದಿನ ರೈಲು ಇನ್ನೂ ಎರಡು ಗಂಟೆಗೆ’ ಅಂತ ಧೈರ್ಯವಾಗಿ ಇಳಿಯೋರು ಇದ್ದಾರೆ. ಮೊಬೈಲ್ ಆ್ಯಪ್ ತೋರಿಸೋದು ಪ್ರಯಾಣಿಕರ ರೈಲನ್ನು. ಗೂಡ್ಸ್ ರೈಲಿಗೆ ಜನರಿಗೆ ಕಾಣುವ ವೇಳಾಪಟ್ಟಿ ಇಲ್ಲ. ಒಂಟಿ ಎಂಜಿನ್ ಓಡಾಡುತ್ತೆ, ಹಳಿ ಪರೀಕ್ಷೆಯ ಟ್ರಾಲಿ ಓಡಾಡುತ್ತೆ, ದುರಸ್ತಿ ಸಾಮಗ್ರಿ ತರುವ ರೈಲು ಬರುತ್ತೆ. ಇದ್ಯಾವುದೂ ಆ್ಯಪ್‌ನಲ್ಲಿ ಬರಲ್ಲ. ಒಳಗೆ ಹೋದರೆ ನೆಟ್‌ವರ್ಕೇ ಸಿಗದ ಜಾಗ ಬಹಳ.

‘ಬಂದರೆ ಸದ್ದು ಕೇಳಿಸುತ್ತಲ್ಲ’ ಅನ್ನೋದು ಎರಡನೇ ಧೈರ್ಯ. ಹತ್ತುವ ರೈಲು ಪೂರ್ತಿ ಶಕ್ತಿ ಹಾಕಿ ಗುಡುಗುತ್ತಾ ಬರುತ್ತದೆ, ನಿಜ. ಇಳಿಯುವ ರೈಲು ಹಾಗಲ್ಲ, ಅದು ಬ್ರೇಕ್ ಹಿಡಿದುಕೊಂಡು ಜಾರುವುದು. ಮಳೆ, ತೊರೆಯ ಭೋರ್ಗರೆತ, ಜೀರುಂಡೆ ಸದ್ದಿನ ನಡುವೆ ತೀರಾ ಹತ್ತಿರ ಬರೋವರೆಗೂ ಗೊತ್ತಾಗದೆ ಇರಬಹುದು. ಸುರಂಗದೊಳಗಂತೂ ಸದ್ದು ಗೋಡೆಯಿಂದ ಗೋಡೆಗೆ ಬಡಿದು, ರೈಲು ಯಾವ ಕಡೆಯಿಂದ ಬರ್ತಿದೆ ಅನ್ನೋದೇ ತಿಳಿಯಲ್ಲ. ಗಾಬರಿಯಲ್ಲಿ ರೈಲು ಬರುವ ಕಡೆಗೇ ಓಡುವುದು ಹೀಗೆ.

ಒಂದು ಸಣ್ಣ ಲೆಕ್ಕ ಹಾಕಿ ನೋಡಿ. ಘಾಟಿಯಲ್ಲಿ ರೈಲಿನ ವೇಗ ಗಂಟೆಗೆ 30 ಕಿಲೋಮೀಟರ್ ಅಂತಿಟ್ಟುಕೊಳ್ಳಿ, ಸೆಕೆಂಡಿಗೆ 8 ಮೀಟರ್ ಮೇಲೆ. ಕತ್ತಲಲ್ಲಿ, ಒದ್ದೆ ಜಲ್ಲಿ ಕಲ್ಲಿನ ಮೇಲೆ, ಚಪ್ಪಲಿ ಜಾರುತ್ತಾ ನಡೆಯುವ ಮನುಷ್ಯ ಸೆಕೆಂಡಿಗೆ 1 ಮೀಟರ್ ಹೋದರೆ ಹೆಚ್ಚು. 300 ಮೀಟರ್ ಸುರಂಗದ ಮಧ್ಯದಲ್ಲಿ ನಿಂತವರು ಹೊರಬರಲು 150 ಸೆಕೆಂಡ್ ಬೇಕು. ಅಷ್ಟರಲ್ಲಿ ರೈಲು 1,200 ಮೀಟರ್ ದಾಟಿರುತ್ತೆ. ಅಂದರೆ ರೈಲು ಒಂದು ಕಿಲೋಮೀಟರ್‌ಗಿಂತ ಆಚೆ ಇರುವಾಗಲೇ ಗೊತ್ತಾಗಬೇಕು. ತಿರುವಿನ ಮೇಲೆ ತಿರುವು ಇರುವ ಈ ಘಾಟಿಯಲ್ಲಿ ಅಷ್ಟು ದೂರ ಕಾಣುವ ನೇರ ಹಳಿ ಎಲ್ಲಿದೆ? ಲೋಕೊ ಪೈಲಟ್‌ಗೂ ಅಷ್ಟೇ, ತಿರುಗಿದ ಮೇಲೆ ಕಂಡವರಿಗಾಗಿ ಇಳಿಜಾರಿನಲ್ಲಿ ಸಾವಿರಾರು ಟನ್ ಭಾರದ ಗೂಡ್ಸ್ ರೈಲನ್ನು ಕಂಡ ಜಾಗದಲ್ಲೇ ನಿಲ್ಲಿಸೋಕೆ ಆಗಲ್ಲ.

ಒಂಟಿ ಹಳಿಯ ಸುರಂಗ ಅದು. ರೈಲಿನ ಪಕ್ಕ ಮನುಷ್ಯ ನಿಲ್ಲಲಿ ಅಂತ ಅಗಲ ಬಿಟ್ಟು ಕೊರೆದಿದ್ದಲ್ಲ. ಸುರಂಗಗಳ ಗೋಡೆಯಲ್ಲಿ ಅಲ್ಲಲ್ಲಿ ಗೂಡಿನ ಹಾಗೆ ಕೊರೆದ ಜಾಗ ಇರುತ್ತೆ, ಟ್ರ್ಯಾಕ್‌ಮನ್‌ಗಳು ರೈಲು ಬಂದಾಗ ಅದರೊಳಗೆ ಸೇರಿಕೊಳ್ಳುತ್ತಾರೆ. ಅವರಿಗೆ ಯಾವ ಗೂಡು ಎಲ್ಲಿದೆ ಅಂತ ಕಣ್ಣು ಮುಚ್ಚಿದರೂ ಗೊತ್ತು. ಮೊದಲ ಸಲ ಬಂದವರು ಮೊಬೈಲ್ ಟಾರ್ಚ್‌ನಲ್ಲಿ ಹುಡುಕಿಕೊಳ್ಳೋ ವಿಷಯ ಅಲ್ಲ ಅದು. ಸೇತುವೆ ಇನ್ನೂ ಕಷ್ಟ. ಸ್ಲೀಪರ್‌ಗಳ ಸಂದಿಯಲ್ಲಿ ಕೆಳಗಿನ ಕಣಿವೆ ಕಾಣುತ್ತೆ, ಕಾಲು ಲೆಕ್ಕ ಹಾಕಿ ಇಡಬೇಕು.

ಈಚೆಗೆ ಸೇರಿರುವ ಇನ್ನೊಂದು ಅಪಾಯ ಹಳೇ ಚಾರಣಿಗರಿಗೂ ಹೊಸದು. ಘಾಟಿಯಲ್ಲೂ ಈಗ ವಿದ್ಯುತ್ ತಂತಿ ಎಳೆದಾಗಿದೆ. ರೈಲಿನ ತಂತಿಯಲ್ಲಿ ಹರಿಯುವುದು 25,000 ವೋಲ್ಟ್. ಮನೆಯ ಕರೆಂಟಿನ ಹಾಗೆ ಮುಟ್ಟಿದರೆ ಮಾತ್ರ ಅಲ್ಲ, ಹತ್ತಿರ ಹೋದರೂ ಹಾರಿ ಹೊಡೆಯುತ್ತದೆ. ತಂತಿಯಿಂದ ಕನಿಷ್ಠ 2 ಮೀಟರ್ ದೂರ ಇರಬೇಕು ಅನ್ನೋದು ರೈಲ್ವೆ ಸಿಬ್ಬಂದಿಗೇ ಇರುವ ನಿಯಮ. ಸುರಂಗದೊಳಗೆ ಮೇಲೆ ಜಾಗ ಕಡಿಮೆ. ಅಲ್ಲಿ ಸೆಲ್ಫಿ ಸ್ಟಿಕ್, ಒದ್ದೆ ಕೊಡೆ, ಟ್ರೈಪಾಡ್ ಎತ್ತಿ ಹಿಡಿಯೋದು ಅಂದರೆ ಏನು ಅಂತ ಬಿಡಿಸಿ ಹೇಳಬೇಕಿಲ್ಲ.

ಯಾರಿಗಾದರೂ ಪೆಟ್ಟಾದರೆ? ದೋಣಿಗಾಲ್ ಬಿಟ್ಟು ಒಳಗೆ ಹೋದ ಮೇಲೆ ಆಂಬುಲೆನ್ಸ್ ಹೋಗುವ ರಸ್ತೆ ಎಷ್ಟೋ ಕಡೆ ಇಲ್ಲ. ರೈಲೇ ಬರಬೇಕು, ಇಲ್ಲಾಂದ್ರೆ ಹೊತ್ತು ತರಬೇಕು. ಆನೆ ಓಡಾಡುವ ಕಾಡು ಬೇರೆ.

ಕಾನೂನು ಏನು ಹೇಳುತ್ತೆ

1989ರ ರೈಲ್ವೆ ಕಾಯ್ದೆಯ 147ನೇ ಸೆಕ್ಷನ್ ಪ್ರಕಾರ ಅನುಮತಿ ಇಲ್ಲದೆ ರೈಲ್ವೆ ಜಾಗಕ್ಕೆ ಹೋಗೋದು ಅಪರಾಧ. 6 ತಿಂಗಳವರೆಗೆ ಜೈಲು, ಅಥವಾ 1,000 ರೂಪಾಯಿವರೆಗೆ ದಂಡ, ಅಥವಾ ಎರಡೂ. ಸಾವಿರ ರೂಪಾಯಿ ತಾನೇ ಅಂತ ನಗೋರು ಇದ್ದಾರೆ. ದಂಡ ಸಣ್ಣದಿರಬಹುದು, ಆದರೆ ಆರ್‌ಪಿಎಫ್‌ನವರು ಹಿಡಿದು ಕೇಸು ಹಾಕಿದರೆ ಕೋರ್ಟಿಗೆ ಓಡಾಡಬೇಕು. ಕೆಲಸಕ್ಕೆ, ಪಾಸ್‌ಪೋರ್ಟಿಗೆ ಅರ್ಜಿ ಹಾಕುವ ವಯಸ್ಸಿನ ಹುಡುಗರಿಗೆ ಅದು ಬೇಡದ ತಲೆನೋವು. ಹಳಿಯ ಅಕ್ಕಪಕ್ಕ ಮೀಸಲು ಅರಣ್ಯ ಇರುವ ಕಡೆ ಅರಣ್ಯ ಇಲಾಖೆಯ ಅನುಮತಿ ಇಲ್ಲದೆ ಹೊಕ್ಕರೆ ಅದು ಬೇರೆ ಕೇಸು. ಸುರಂಗದ ಹತ್ತಿರ ರೈಲು ನಿಧಾನ ಆಗಲಿ ಅಂತ ಚೈನ್ ಎಳೆದರೆ 141ನೇ ಸೆಕ್ಷನ್, ಅದಕ್ಕೆ ಒಂದು ವರ್ಷದವರೆಗೆ ಜೈಲು ಇದೆ.

ಇದು ನಮ್ಮ ಘಾಟಿಯ ಸಮಸ್ಯೆ ಮಾತ್ರ ಅಲ್ಲ. ಜೊಯಿಡಾ ತಾಲ್ಲೂಕಿನ ಕ್ಯಾಸಲ್‌ರಾಕ್‌ನಿಂದ ಗೋವಾದ ಕುಳೆಂಗೆ ಇಳಿಯುವ ಘಾಟಿ ನಮ್ಮದಕ್ಕಿಂತ ಸುಮಾರು ತೊಂಬತ್ತು ವರ್ಷ ಹಳೆಯದು, ಪೋರ್ಚುಗೀಸರ ಕಾಲದ್ದು, 1880ರ ದಶಕದಲ್ಲಿ ಕಟ್ಟಿದ್ದು. ಅಲ್ಲೂ ಸುರಂಗಗಳಿವೆ, ಜೊತೆಗೆ ದೂಧ್‌ಸಾಗರ ಜಲಪಾತ. 2023ರ ಜುಲೈನಲ್ಲಿ ಅಲ್ಲಿ ಹಳಿ ಮೇಲೆ ಇಳಿದು ನಡೆದವರಿಗೆ ಪೊಲೀಸರು ಬಸ್ಕಿ ಹೊಡೆಸಿದ ವಿಡಿಯೊ ಎಲ್ಲರ ಮೊಬೈಲಿಗೂ ಬಂದಿತ್ತು. ಆಗ ನೈಋತ್ಯ ರೈಲ್ವೆ ಮಾಡಿದ ಮನವಿಯೂ ಅದೇ: ಜಲಪಾತದ ಸೊಬಗನ್ನು ಬೋಗಿಯೊಳಗಿಂದಲೇ ನೋಡಿ, ಹಳಿಗೆ ಇಳಿಯಬೇಡಿ ಅಂತ.

ಕಿಟಕಿಯಿಂದ ತೆಗೆಯೋದು

ಈಗ ಫೋಟೊ ವಿಷಯಕ್ಕೆ ಬರೋಣ. ಬೆಂಗಳೂರು ಮಂಗಳೂರು ನಡುವಿನ ಹಗಲು ರೈಲುಗಳು ಸಕಲೇಶಪುರದಿಂದ ಸುಬ್ರಹ್ಮಣ್ಯ ರೋಡ್ ತಲುಪಲು ಎರಡು ಗಂಟೆಗೂ ಹೆಚ್ಚು ಹೊತ್ತು ತಗೊಳ್ಳುತ್ತವೆ. ಅವಸರ ಇದ್ದವರಿಗೆ ಬೇಜಾರು, ಕ್ಯಾಮೆರಾ ಹಿಡಿದವರಿಗೆ ಹಬ್ಬ. 57 ಸುರಂಗ ಅಂದರೆ 57 ಅವಕಾಶ. ಮೊದಲ ಹತ್ತು ಕೆಟ್ಟರೂ ಇನ್ನೂ 47 ಬಾಕಿ.

ಸುರಂಗದ ಫೋಟೊ ಕೆಡುವುದಕ್ಕೆ ಮುಖ್ಯ ಕಾರಣ ಬೆಳಕಿನ ವ್ಯತ್ಯಾಸ. ಒಳಗೆ ಕಗ್ಗತ್ತಲು, ಬಾಯಿಯ ಆಚೆ ಹಗಲು. ನಮ್ಮ ಕಣ್ಣು ಎರಡನ್ನೂ ಹೇಗೋ ಹೊಂದಿಸಿಕೊಳ್ಳುತ್ತೆ, ಮೊಬೈಲಿಗೆ ಆಗಲ್ಲ. ಚೌಕಟ್ಟಿನ ಬಹುಪಾಲು ಕಪ್ಪು ಇರೋದನ್ನು ನೋಡಿ ಅದು ಇಡೀ ಚಿತ್ರವನ್ನು ಬೆಳ್ಳಗೆ ಮಾಡುತ್ತೆ. ಆಗ ಕಪ್ಪು ಬೂದಿ ಬಣ್ಣಕ್ಕೆ ತಿರುಗುತ್ತೆ, ಆಚೆಯ ಕಾಡು ಸುಣ್ಣ ಬಳಿದ ಹಾಗೆ ಬಿಳಿಯಾಗುತ್ತೆ. ಉಪಾಯ ಸರಳ. ಪರದೆಯ ಮೇಲೆ ಬೆಳಕಿರುವ ಭಾಗವನ್ನು ಬೆರಳಿಂದ ಮುಟ್ಟಿ, ಪಕ್ಕದಲ್ಲಿ ಬರುವ ಸೂರ್ಯನ ಚಿಹ್ನೆಯನ್ನು ಕೆಳಕ್ಕೆ ಎಳೆಯಿರಿ. ಕಪ್ಪು ಕಪ್ಪಾಗೇ ಇರಲಿ ಬಿಡಿ. ಸುರಂಗದ ಫೋಟೊದಲ್ಲಿ ಕತ್ತಲೆಯೇ ಚೌಕಟ್ಟು.

ಬೆರಳು ಒತ್ತಿ ಹಿಡಿದರೆ ಬಹುತೇಕ ಮೊಬೈಲುಗಳಲ್ಲಿ ಫೋಕಸ್ಸೂ ಬೆಳಕಿನ ಅಳತೆಯೂ ಲಾಕ್ ಆಗುತ್ತೆ. ಇದು ಇಲ್ಲಿ ಬಹಳ ಉಪಯೋಗದ್ದು. ರೈಲು ಹೊರಗೆ ಬೆಳಕಿನಲ್ಲಿ ಇರುವಾಗಲೇ ಲಾಕ್ ಮಾಡಿಟ್ಟುಕೊಳ್ಳಬೇಕು. ಮೇಲಿನ ಲೆಕ್ಕದ ಪ್ರಕಾರ 100 ಮೀಟರ್ ಸುರಂಗ ದಾಟಲು 12 ಸೆಕೆಂಡ್. ಆ 12 ಸೆಕೆಂಡ್ ಕತ್ತಲಲ್ಲಿ ಮೊಬೈಲ್ ತಾನಾಗಿ ಅಳತೆ ಬದಲಿಸಿಕೊಂಡರೆ, ಹೊರಗೆ ಬಂದ ಕ್ಷಣದ ಚಿತ್ರ ಹೋಯಿತು ಅಂತಲೇ. ಲಾಕ್ ಇದ್ದರೆ ಹೊರಬರುವ ಮೊದಲ ನೋಟ ಸರಿಯಾಗಿ ಸಿಗುತ್ತೆ. ಆ ನೋಟ ಸೇತುವೆ ಮೇಲಿನದ್ದಾದರೆ ಇನ್ನೂ ಚಂದ.

ವೇಗದ ವಿಷಯ. 30 ಕಿಲೋಮೀಟರ್ ನಿಧಾನ ಅನಿಸಿದರೂ, ಕ್ಯಾಮೆರಾದ ಶಟರ್ ಸೆಕೆಂಡಿನ 60ರಲ್ಲಿ ಒಂದು ಭಾಗ ತೆರೆದಿದ್ದರೆ ಅಷ್ಟರಲ್ಲಿ ರೈಲು ಸುಮಾರು 14 ಸೆಂಟಿಮೀಟರ್ ಮುಂದೆ ಹೋಗಿರುತ್ತೆ. ಹತ್ತಿರದ ಗಿಡ, ಸುರಂಗದ ಕಲ್ಲು ಎಲ್ಲಾ ಕಲಸಿಹೋಗುತ್ತೆ. 1000ದಲ್ಲಿ ಒಂದು ಭಾಗಕ್ಕೆ ಇಟ್ಟರೆ ಅದು ಒಂದು ಸೆಂಟಿಮೀಟರ್‌ಗೂ ಕಡಿಮೆ. ಕ್ಯಾಮೆರಾ ಇದ್ದವರು 500ರಲ್ಲಿ ಒಂದು ಭಾಗಕ್ಕಿಂತ ಕೆಳಗೆ ಇಳಿಯದಿರುವುದು ಒಳ್ಳೇದು, ಐಎಸ್‌ಒ ಏರಿದರೆ ಏರಲಿ, ಕಾಳು ಕಾಳು ಬಂದರೆ ಬರಲಿ. ಮೊಬೈಲ್‌ನಲ್ಲಿ ಎಚ್‌ಡಿಆರ್ ಮತ್ತು ನೈಟ್ ಮೋಡ್ ಆಫ್ ಮಾಡಿ. ಅವು ಹಲವು ಚಿತ್ರ ತೆಗೆದು ಒಂದರ ಮೇಲೊಂದು ಕೂರಿಸುತ್ತವೆ, ಓಡುವ ರೈಲಿನಲ್ಲಿ ಒಂದೇ ಮರ ಎರಡು ಮೂರಾಗಿ ಕಾಣುತ್ತೆ. ಫ್ಲಾಶ್ ಅಂತೂ ಯಾವ ಕಾರಣಕ್ಕೂ ಬೇಡ. ಕಿಟಕಿ ಗಾಜಿಗೆ ಬಡಿದು ವಾಪಸ್ ಬರೋದು ಒಂದಾದರೆ, ಪ್ಲಾಟ್‌ಫಾರಂನಲ್ಲಿ ನಿಂತು ಎದುರು ಬರುವ ಎಂಜಿನ್ ಕಡೆ ಫ್ಲಾಶ್ ಹೊಡೆಯೋದು ಲೋಕೊ ಪೈಲಟ್ ಕಣ್ಣಿಗೆ ಹೊಡೆದ ಹಾಗೆ.

ಎಲ್ಲರಿಗೂ ಬೇಕಾದ ಇನ್ನೊಂದು ಚಿತ್ರ, ಎಂಜಿನ್ ಸುರಂಗದ ಬಾಯಿಗೆ ಹೊಗುತ್ತಿರುವುದು. ಇದಕ್ಕೆ ಹಳಿ ಪಕ್ಕ ಕಾಯಬೇಕಿಲ್ಲ. ತೀಕ್ಷ್ಣ ತಿರುವುಗಳು ಈ ಘಾಟಿಯಲ್ಲಿ ಬೇಕಾದಷ್ಟಿವೆ. ಹಿಂದಿನ ಬೋಗಿಯಲ್ಲಿ ಕೂತರೆ, ರೈಲು ನಿಮ್ಮ ಕಿಟಕಿಯ ಕಡೆಗೆ ಬಾಗಿದಾಗ ಇಡೀ ರೈಲು ಬಿಲ್ಲಿನ ಹಾಗೆ ಕಾಣುತ್ತೆ, ತುದಿಯಲ್ಲಿ ಎಂಜಿನ್ ಗುಡ್ಡದೊಳಗೆ ಮಾಯವಾಗುತ್ತೆ. ತಿರುವು ಒಮ್ಮೆ ಎಡಕ್ಕೆ, ಒಮ್ಮೆ ಬಲಕ್ಕೆ. ಹಾಗಾಗಿ ಯಾವ ಕಡೆ ಸೀಟು ಸಿಕ್ಕರೂ ನಿರಾಶೆ ಬೇಡ. ಆದರೆ ಮೊಬೈಲ್ ಹಿಡಿದ ಕೈ, ತಲೆ ಕಿಟಕಿಯ ಆಚೆ ಹೋಗಬಾರದು. ತಂತಿಯ ಕಂಬ, ಸುರಂಗದ ಗೋಡೆ, ಮಳೆಗೆ ಬಾಗಿದ ಕೊಂಬೆ ಎಲ್ಲವೂ ನಿಮ್ಮ ಅಂದಾಜಿಗಿಂತ ಹತ್ತಿರ ಇರುತ್ತವೆ. ಬಾಗಿಲಲ್ಲಿ ನೇತಾಡಿ ರೀಲ್ಸ್ ಮಾಡೋದಕ್ಕೂ ಇದೇ ಮಾತು. ಮೆಟ್ಟಿಲ ಮೇಲೆ ನಿಂತು ಪ್ರಯಾಣಿಸುವವರಿಗೆ ರೈಲ್ವೆ ಕಾಯ್ದೆಯಲ್ಲಿ ಪ್ರತ್ಯೇಕ ಸೆಕ್ಷನ್ನೇ ಇದೆ.

2021ರ ಜುಲೈಯಿಂದ ಈ ಮಾರ್ಗದ ಹಗಲು ರೈಲಿಗೆ ವಿಸ್ಟಾಡೋಮ್ ಬೋಗಿ ಜೋಡಿಸುತ್ತಿದ್ದಾರೆ. 44 ಸೀಟು, ದೊಡ್ಡ ಗಾಜಿನ ಕಿಟಕಿ, ಗಾಜಿನ ಸೂರು, ತಿರುಗುವ ಕುರ್ಚಿ. ಬೋಗಿಯ ತುದಿಯಲ್ಲಿ ದೊಡ್ಡ ಗಾಜಿನ ನೋಟದ ಜಾಗವೂ ಇದೆ. ಬೋಗಿ ರೈಲಿನ ಕೊನೆಗೆ ಇದ್ದರೆ ಅಲ್ಲಿಂದ ಸುರಂಗದ ಬಾಯಿ ಚಿಕ್ಕದಾಗುತ್ತಾ ಹಿಂದೆ ಸರಿಯುವುದು ನೇರ ಕಾಣುತ್ತೆ. ಹಳಿ ನಡುವೆ, ಸುರಂಗ ಎದುರಿಗೆ. ಜನ ಹಳಿಗೆ ಇಳಿದು ತೆಗೆಯೋ ಫೋಟೊದ ಕೋನ ಇದೇ ಅಲ್ಲವೇ? ಆದರೆ ಗಾಜಿನ ಕಾಟ ಇದೆ. ಒಳಗಿನ ಬೆಳಕು, ನಿಮ್ಮ ಬಿಳಿ ಅಂಗಿ, ಪಕ್ಕದವರ ಚಿಪ್ಸ್ ಪೊಟ್ಟಣ ಎಲ್ಲಾ ಗಾಜಿನಲ್ಲಿ ಪ್ರತಿಫಲಿಸುತ್ತೆ, ಸುರಂಗದ ಕತ್ತಲಿಗೆ ಹೋದಾಗ ಇನ್ನೂ ಜಾಸ್ತಿ. ಗಾಢ ಬಣ್ಣದ ಬಟ್ಟೆ ಹಾಕಿಕೊಂಡು, ಮೊಬೈಲನ್ನು ಗಾಜಿಗೆ ಪೂರ್ತಿ ಅಂಟಿಸಿ, ಸುತ್ತ ಅಂಗೈ ಇಲ್ಲವೇ ಕಪ್ಪು ಕರವಸ್ತ್ರ ಮುಚ್ಚಿಕೊಂಡರೆ ಮುಕ್ಕಾಲು ಭಾಗ ಹೋಗುತ್ತೆ. ಎಸಿಯಿಂದ ಇಳಿದ ಕೂಡಲೇ ಲೆನ್ಸ್ ಮೇಲೆ ಹಬೆ ಕೂರುತ್ತೆ. ಇಳಿಯುವ ಮೊದಲೇ ಕ್ಯಾಮೆರಾ ಬ್ಯಾಗಿನೊಳಗೆ ಹಾಕಿ, ಹೊರಗೆ ಹದಿನೈದು ಇಪ್ಪತ್ತು ನಿಮಿಷ ಬಿಟ್ಟು ತೆಗೆಯಿರಿ.

ಸುರಂಗದ ಒಳಗೇ ಇರುವಾಗ ಕ್ಯಾಮೆರಾ ಕೆಳಗೆ ಇಡೋರು ಹೆಚ್ಚು. ಒಂದು ಸಲ ವಿಡಿಯೊ ಹಾಕಿ ನೋಡಿ. ಬೋಗಿಯ ಕಿಟಕಿಗಳಿಂದ ಬೀಳುವ ಹಳದಿ ಬೆಳಕಿನಲ್ಲಿ ಬಂಡೆ ಕಡಿದ ಗುರುತು, ಸೋರುವ ನೀರು, ಕಾಂಕ್ರೀಟ್ ಹೊದಿಸಿದ ಭಾಗ ಸಾಲಾಗಿ ಹಾದುಹೋಗುತ್ತೆ. ಗೋಡೆಗೆ ಬಡಿದು ಬರುವ ಗಾಲಿಯ ಸದ್ದು, ಮಕ್ಕಳ ಕೂಗು ಸೇರಿದರೆ ಅದರ ಗಮ್ಮತ್ತೇ ಬೇರೆ.

ಕಾಲದ ವಿಷಯದಲ್ಲಿ ಎಲ್ಲರೂ ಜುಲೈ ಆಗಸ್ಟ್ ಅಂತಾರೆ. ಮೋಡ ಕವಿದ ದಿನ ಹೊರಗಿನ ಬೆಳಕು ತಗ್ಗಿರುವುದರಿಂದ ಸುರಂಗದ ಚಿತ್ರ ಸುಲಭ, ಮಂಜೂ ಸಿಗುತ್ತೆ. ಆದರೆ ಮಳೆ ಜೋರಾದರೆ ಕಿಟಕಿಯೇ ತೆರೆಯೋಕಾಗಲ್ಲ, ಗಾಜಿನ ಮೇಲೆ ನೀರು. ಅಕ್ಟೋಬರ್, ನವೆಂಬರ್ ಯಾರೂ ಹೇಳದ ಒಳ್ಳೇ ಕಾಲ. ಗಾಳಿ ತೊಳೆದ ಹಾಗಿರುತ್ತೆ, ತೊರೆಗಳಲ್ಲಿ ನೀರು ಇನ್ನೂ ಇರುತ್ತೆ, ಹಸಿರು ಬಾಡಿರಲ್ಲ.

ಸ್ಟುಡಿಯೊದವರಿಗೆ, ಹೋಂಸ್ಟೇಯವರಿಗೆ

ಮದುವೆಗೆ ಮುಂಚಿನ ಫೋಟೊಶೂಟ್‌ಗೆ ಸುರಂಗವೇ ಬೇಕು ಅನ್ನುವ ಜೋಡಿಗಳಿಗೆ ನಮ್ಮ ಸ್ಟುಡಿಯೊದವರು ಇಲ್ಲ ಅನ್ನೋದು ಕಷ್ಟ. ಇಲ್ಲ ಅಂದರೆ ಗಿರಾಕಿ ಹಾಸನಕ್ಕೋ ಪುತ್ತೂರಿಗೋ ಹೋಗ್ತಾರೆ. ಆದರೆ ದುಡ್ಡು ತಗೊಂಡು ಮಾಡುವ ಶೂಟಿಂಗ್‌ಗೆ ರೈಲ್ವೆ ಜಾಗದಲ್ಲಿ ಮೊದಲೇ ಅನುಮತಿ ಬೇಕು, ಶುಲ್ಕ ಕಟ್ಟಬೇಕು. ಈ ಮಾರ್ಗ ನೈಋತ್ಯ ರೈಲ್ವೆಯ ಮೈಸೂರು ವಿಭಾಗಕ್ಕೆ ಸೇರಿದ್ದು, ಅರ್ಜಿ ಅಲ್ಲಿಗೆ. ನಿಲ್ದಾಣದ ಪ್ಲಾಟ್‌ಫಾರಂ, ನಿಂತ ಬೋಗಿ ಇಂಥವಕ್ಕೆ ಕೇಳಿ ನೋಡಬಹುದು. ರೈಲು ಓಡುವ ಘಾಟಿ ಸುರಂಗದೊಳಗೆ ಅಂದರೆ ಸಂಚಾರ ನಿಲ್ಲಿಸಿ, ಸಿಬ್ಬಂದಿ ನಿಲ್ಲಿಸಿ ಕೊಡಬೇಕಾದ್ದು. ಒಂದು ಆಲ್ಬಂಗಾಗಿ ಅದನ್ನು ನಿರೀಕ್ಷಿಸುವುದು ದೂರದ ಮಾತು. ಡ್ರೋನ್ ಇದ್ದರೆ ಹಳಿಗೆ ಇಳಿಯಬೇಕಿಲ್ಲ ಅನ್ನುವ ವಾದವೂ ನಿಲ್ಲಲ್ಲ. ರೈಲ್ವೆಯ ಅನುಮತಿ ಅದಕ್ಕೂ ಬೇಕು, ತಂತಿಗೆ ಸಿಕ್ಕಿಕೊಂಡರೆ ಹೋಗೋದು ಡ್ರೋನ್ ಮಾತ್ರ ಅಲ್ಲ, ಆ ಮಾರ್ಗದ ಸಂಚಾರವೇ ನಿಲ್ಲಬಹುದು.

ಹೋಂಸ್ಟೇ, ಜೀಪ್ ಇಟ್ಟವರಲ್ಲಿ ಕೆಲವರು ಬೆಳಗ್ಗೆ ಬೇಗ ಅತಿಥಿಗಳನ್ನು ಹಳಿ ಹತ್ತಿರ ಬಿಟ್ಟು, ‘ಅರ್ಧ ಗಂಟೆಯಲ್ಲಿ ಬಂದುಬಿಡಿ’ ಅಂತ ಕಾಯುವುದು ಊರಿನಲ್ಲಿ ಯಾರಿಗೂ ಗೊತ್ತಿಲ್ಲದ ಸಂಗತಿಯಲ್ಲ. ಹೆಚ್ಚುಕಡಿಮೆಯಾದರೆ ಕರೆದುಕೊಂಡು ಹೋದವರು ಯಾರು ಅನ್ನೋ ಪ್ರಶ್ನೆ ಮೊದಲು ಬರುತ್ತೆ. ಅದರ ಬದಲು ಸಕಲೇಶಪುರ ನಿಲ್ದಾಣಕ್ಕೆ ಬಿಟ್ಟು, ಸುಬ್ರಹ್ಮಣ್ಯ ರೋಡ್‌ನಲ್ಲಿ ಜೀಪ್ ಕಾಯಿಸಿ, ಶಿರಾಡಿ ಘಾಟಿ ರಸ್ತೆಯಲ್ಲಿ ವಾಪಸ್ ತಂದು, ದಾರಿಯಲ್ಲಿ ದೋಣಿಗಾಲ್ ಹತ್ತಿರದ ಮಂಜರಾಬಾದ್ ಕೋಟೆ ತೋರಿಸಿದರೆ ಅದೇ ಒಂದು ದಿನದ ಪ್ಯಾಕೇಜ್. ಜೀಪಿನವರಿಗೆ ಬಾಡಿಗೆಯೂ ಜಾಸ್ತಿ, ಮಧ್ಯಾಹ್ನದ ಊಟ ಕಟ್ಟಿಕೊಡುವ ಹೋಟೆಲಿಗೂ ವ್ಯಾಪಾರ. ನೆಟ್ಟಣದ ಕಡೆಯವರು ಇದನ್ನೇ ತಿರುಗಿಸಿ ಮಾಡಬಹುದು. ಹತ್ತುವ ದಾರಿಯಲ್ಲಿ ಹೆಚ್ಚುವರಿ ಎಂಜಿನ್ ಜೋಡಿಸುವುದನ್ನು ನೋಡೋಕೆ ಮಕ್ಕಳಿಗಂತೂ ಖುಷಿ.

ಹೊರಡುವ ಮುಂಚೆ

ಮಳೆಗಾಲದಲ್ಲಿ ಬುಕ್ ಮಾಡಿದವರು ಹಿಂದಿನ ದಿನ, ಹೊರಡುವ ದಿನ ಎರಡೂ ಸಲ ರೈಲು ಇದೆಯಾ ಅಂತ ನೋಡಿಕೊಳ್ಳಬೇಕು. 2018ರ ಆಗಸ್ಟ್‌ನಲ್ಲಿ ಹತ್ತಾರು ಕಡೆ ಗುಡ್ಡ ಕುಸಿದು ವಾರಗಟ್ಟಲೆ ಈ ಮಾರ್ಗ ಬಂದ್ ಆಗಿತ್ತು. 2024ರ ಜುಲೈ 26ರಂದು ಎಡಕುಮೇರಿ ಮತ್ತು ಕಡಗರವಳ್ಳಿ ನಡುವೆ ಹಳಿಯ ಕೆಳಗಿನ ಮಣ್ಣೇ ಜಾರಿಹೋಗಿ, ಸರಿಪಡಿಸಲು ಆಗಸ್ಟ್‌ವರೆಗೆ ಹಿಡಿಯಿತು. ಎಡಕುಮೇರಿ, ಕಡಗರವಳ್ಳಿ, ಸಿರಿಬಾಗಿಲು ಇಂಥ ಕಡೆ ರೈಲು ನಿಂತರೆ ಅದು ಬ್ರೇಕ್ ನೋಡೋಕೋ, ಎದುರಿನ ರೈಲಿಗೆ ದಾರಿ ಬಿಡೋಕೋ ಇರುತ್ತೆ. ಫೋಟೊಗೆ ಅಂತ ಇಳಿದರೆ ಹತ್ತುವಷ್ಟು ಹೊತ್ತು ನಿಲ್ಲುತ್ತೆ ಅನ್ನೋ ಖಾತ್ರಿ ಇಲ್ಲ. ಮುಂದಿನ ಊರಿಗೆ ರಸ್ತೆಯೂ ಇಲ್ಲ. ಹಳಿ ಮೇಲೆ ಯಾರಾದರೂ ಇರೋದು ಕಂಡರೆ, ಹಳಿ ಪಕ್ಕ ಗುಡ್ಡ ಕುಸಿದಿದ್ದು ಕಂಡರೆ ರೈಲ್ವೆ ಸಹಾಯವಾಣಿ 139ಕ್ಕೆ ಫೋನ್ ಮಾಡಬಹುದು.

ಟಿಕೆಟ್ ಬಗ್ಗೆ ಒಂದು ಮಾತು. ಶನಿವಾರ, ಭಾನುವಾರ ವಿಸ್ಟಾಡೋಮ್ ಬೇಗ ತುಂಬುತ್ತೆ, ದರವೂ ಜಾಸ್ತಿ. ಫೋಟೊ ಮಾತ್ರ ಉದ್ದೇಶವಾದರೆ ಮಾಮೂಲು ಎರಡನೇ ದರ್ಜೆಯ ರಿಸರ್ವ್ ಸೀಟೇ ಸಾಕು. ಅಲ್ಲಿ ಕಿಟಕಿಯ ಗಾಜು ಮೇಲಕ್ಕೆ ಎತ್ತಬಹುದು, ಪ್ರತಿಫಲನದ ರಗಳೆ ಇಲ್ಲ, ಕಂಬಿಗಳ ನಡುವೆ ಮೊಬೈಲ್ ಒರಗಿಸಿ ಹಿಡಿದರೆ ಕೈ ಅಲುಗೋದೂ ಕಡಿಮೆ. ವಾರದ ನಡುವೆ ಹೋದರೆ ಕಿಟಕಿ ಸೀಟೂ ಸುಲಭವಾಗಿ ಸಿಗುತ್ತೆ.